ಒಂದೇ ಹೊಲ, ಮೇಲೆ ಕೆಂಪು, ಕೆಳಗೆ ಕಪ್ಪು: ಲಾವಾ ಹರಿಯದ ಊರಿಗೆ ಎರೆ ಮಣ್ಣು ಎಲ್ಲಿಂದ ಬಂತು?

ಗುಂಡ್ಲುಪೇಟೆ ಹೊಸಬ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇತ್ತೀಚೆಗೆ ಸ್ವಲ್ಪ ಜಮೀನು ಕೊಂಡಿದ್ದೇವೆ. ಇಳಿಜಾರು ಹೊಲ. ಮೇಲಿನ ಭಾಗ ಕೆಂಪು, ಗರಸು ಮಣ್ಣು. ಹಾರೆ ಹಾಕಿದರೆ ಮೊಳದಾಳದಲ್ಲೇ ಕೊಳೆತ ಬಂಡೆ ಸಿಗುತ್ತದೆ. ಕೆಳಗಿನ ಭಾಗ ಕಡುಗಪ್ಪು. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಎರಡಕ್ಕೂ ನಡುವೆ ಇರುವುದು ಒಂದು ಬದು, ಒಂದು ಹುಣಸೆ ಮರ, ಅಷ್ಟೇ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು: ಕಪ್ಪು ಮಣ್ಣು ಲಾವಾ ಶಿಲೆಯಿಂದ ಆಗುತ್ತದೆ, ಕೆಂಪು ಮಣ್ಣು ಗ್ರಾನೈಟಿನಿಂದ ಆಗುತ್ತದೆ. ಸರಿ, ಆದರೆ ಚಾಮರಾಜನಗರ ಜಿಲ್ಲೆಗೆ ಲಾವಾ ಯಾವಾಗ ಬಂತು? ಊರಿನಲ್ಲಿ ಕೇಳಿದರೆ ಒಬ್ಬರು ಅಲ್ಲಿ ಹಿಂದೆ ಕೆರೆಯಿತ್ತು ಎನ್ನುತ್ತಾರೆ, ಇನ್ನೊಬ್ಬರು ತಲೆತಲಾಂತರದಿಂದ ಗೊಬ್ಬರ ಹಾಕಿ ಕಪ್ಪಾಗಿದೆ ಎನ್ನುತ್ತಾರೆ. ಜೆಸಿಬಿ ಇಟ್ಟುಕೊಂಡವರೊಬ್ಬರಂತೂ ಕೆಳಗಿನದನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ಹಾಕಿ ಬೆರೆಸಿಬಿಡೋಣ, ಇಡೀ ಹೊಲ ಒಂದೇ ಆಗುತ್ತದೆ ಎಂದು ಲೆಕ್ಕ ಹಾಕಿಯೇ ಬಿಟ್ಟಿದ್ದಾರೆ.

ನನ್ನ ಪ್ರಶ್ನೆ ಎರಡು. ಮಣ್ಣು ನಿಜವಾಗಿ ಹೇಗೆ ಆಗುತ್ತದೆ? ಬೆರೆಸಬಹುದೇ, ಬೇಡವೇ?

ಚಹಾ ಬಿಡುವು

ಎರಡನೆಯದಕ್ಕೆ ಉತ್ತರ: ಬೇಡ. ಮೊದಲನೆಯದಕ್ಕೆ ಬಲ್ಲವರು ಬರುತ್ತಾರೆ, ಕಾಯಿರಿ.

ಸಹಜ ಕೃಷಿಕ

ಇದರಲ್ಲಿ ಒಗಟೇನೂ ಇಲ್ಲ. ಕಪ್ಪು ಎಂದರೆ ಹ್ಯೂಮಸ್, ಅಂದರೆ ಕೊಳೆತ ಸಾವಯವ ಪದಾರ್ಥ. ಮೇಲಿನಿಂದ ಎಲೆ, ಸಗಣಿ, ಕಸಕಡ್ಡಿ ಎಲ್ಲ ಕೊಚ್ಚಿ ಬಂದು ಕೆಳಗೆ ನಿಂತು ಕೊಳೆತಿದೆ. ಮೇಲಿನ ಭಾಗಕ್ಕೂ ಹೊದಿಕೆ ಹಾಕಿ, ಸಗಣಿ-ಗಂಜಲದ ಜೀವಾಮೃತ ಕೊಡಿ, ಕೆಲವೇ ವರ್ಷಗಳಲ್ಲಿ ಅದೂ ಕಪ್ಪಾಗುತ್ತದೆ.

ನವಲಗುಂದದ ಎರೆ

ಸಹಜ ಕೃಷಿಕರೇ, ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ಎರೆ ಭೂಮಿ. ಮರವಿಲ್ಲ, ಎಲೆಯಿಲ್ಲ. ಎಷ್ಟೋ ಹೊಲಗಳು ಗೊಬ್ಬರದ ಮುಖ ನೋಡಿ ಒಂದು ತಲೆಮಾರು ಆಗಿರಬೇಕು. ಆದರೂ ಮಸಿಯ ಹಾಗೆ ಕಪ್ಪು. ನಿಮ್ಮ ಲೆಕ್ಕದಲ್ಲಿ ನಾವು ಜಗತ್ತಿನಲ್ಲೇ ಅತಿ ಹೆಚ್ಚು ಹ್ಯೂಮಸ್ ಇರುವವರಾಗಬೇಕಿತ್ತು!

ಮಣ್ಣು ಪರೀಕ್ಷಕ

ಪ್ರಯೋಗಾಲಯದಲ್ಲಿ ದಿನವೂ ಮಣ್ಣಿನ ಮಾದರಿ ನೋಡುವವನಾಗಿ ಹೇಳುತ್ತೇನೆ. ಉತ್ತರ ಕರ್ನಾಟಕದಿಂದ ಬರುವ ಎರೆ ಮಣ್ಣಿನಲ್ಲಿ ಸಾವಯವ ಇಂಗಾಲ ಶೇಕಡಾ 0.5 ದಾಟದಿರುವುದು ಮಾಮೂಲು. 0.5ಕ್ಕಿಂತ ಕಡಿಮೆಯಿದ್ದರೆ ವರದಿಯಲ್ಲಿ 'ಕಡಿಮೆ' ಎಂದೇ ಬರೆಯುತ್ತೇವೆ, 0.75 ಮೀರಿದರೆ 'ಹೆಚ್ಚು'. ಇಂಗಾಲವನ್ನು 1.724ರಿಂದ ಗುಣಿಸಿದರೆ ಸಾವಯವ ಪದಾರ್ಥದ ಅಂದಾಜು ಸಿಗುತ್ತದೆ. ಅಂದರೆ 0.45 ಇಂಗಾಲವಿರುವ ಕಪ್ಪು ಮಣ್ಣಿನಲ್ಲಿ ಸಾವಯವ ಪದಾರ್ಥ ಶೇಕಡಾ ಒಂದೂ ಇರುವುದಿಲ್ಲ. ಮಲೆನಾಡಿನ ಕಾಡಿನ ಕೆಂಗಂದು ಮಣ್ಣಿನಲ್ಲಿ ಇದರ ಹಲವು ಪಟ್ಟು ಇರುತ್ತದೆ. ಬಣ್ಣ ನೋಡಿ ಹ್ಯೂಮಸ್ ಅಳೆಯುವುದು ನಮ್ಮ ನಾಡಿನಲ್ಲಿ ನಡೆಯುವುದಿಲ್ಲ.

ಇರುವ ಅಲ್ಪ ಹ್ಯೂಮಸ್ ಅತಿ ನುಣುಪಾದ ಜೇಡಿ ಕಣಗಳಿಗೆ ಗಟ್ಟಿಯಾಗಿ ಅಂಟಿ ಕೂರುತ್ತದೆ. ಬಸಾಲ್ಟ್, ಅಂದರೆ ಲಾವಾ ಶಿಲೆ, ಇರುವ ಕಡೆ ಟೈಟಾನಿಯಂ ಸೇರಿದ ಕಬ್ಬಿಣದ ಕಪ್ಪು ಖನಿಜವೂ ಬಣ್ಣಕ್ಕೆ ಕೈಹಾಕುತ್ತದೆ ಎನ್ನುತ್ತಾರೆ. ಕೆಂಪಿಗೆ ಕಾರಣ ಸರಳ: ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದೇ ಕಬ್ಬಿಣ ನೀರಿನಂಶ ಹಿಡಿದುಕೊಂಡು ಗೋಯ್ಥೈಟ್ ಆದರೆ ಮಣ್ಣು ಹಳದಿ.

ಅಯೋವಾ ಕನ್ನಡಿಗ

ಸಹಜ ಕೃಷಿಕರ ಮಾತು ನಾನಿರುವ ಕಡೆಗೆ ನಿಜ. ಇಲ್ಲಿಯ ಹುಲ್ಲುಗಾವಲಿನ ಮಣ್ಣು ಕಪ್ಪಾಗಿರುವುದು ಹುಲ್ಲಿನ ಬೇರು ಸಾವಿರಾರು ವರ್ಷ ಸತ್ತು ಕೊಳೆತದ್ದರಿಂದಲೇ. ಚಳಿಯಲ್ಲಿ ಕೊಳೆಯುವ ಕೆಲಸ ನಿಧಾನ, ಹಾಗಾಗಿ ಹ್ಯೂಮಸ್ ಉಳಿಯಿತು. ಹಿಮನದಿ ಸರಿದ ಮೇಲೆ ಬಿಟ್ಟುಹೋದ ಗಾಳಿಧೂಳು ಮತ್ತು ಕಲ್ಲುಮಣ್ಣಿನ ಮೇಲೆ ಇದೆಲ್ಲ ನಡೆದದ್ದು. ನಮ್ಮ ಬಯಲುಸೀಮೆಯ ಬಿಸಿಲಿಗೆ ಹಾಕಿದ ಗೊಬ್ಬರ ವರ್ಷದೊಳಗೆ ಕರಗಿಹೋಗುತ್ತದೆ. ಎರಡೂ ಕಪ್ಪು, ಕಾರಣ ಮಾತ್ರ ಬೇರೆ ಬೇರೆ.

ಬಂಡೆಗಲ್ಲು

ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಗುಂಡ್ಲುಪೇಟೆ ಸುತ್ತ ಇರುವುದು ನೈಸ್ ಎಂಬ ಪಟ್ಟೆಪಟ್ಟೆಯ, ಗ್ರಾನೈಟನ್ನು ಹೋಲುವ ಶಿಲೆ, ಬಿಳಿಗಿರಿರಂಗನ ಬೆಟ್ಟದ ಕಡೆ ಚಾರ್ನೊಕೈಟ್. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಬಂಧುಗಳು, ವಯಸ್ಸು ಸುಮಾರು 300 ಕೋಟಿ ವರ್ಷದ ಆಜುಬಾಜು. ಲಾವಾದ ದಖ್ಖನ್ ಪದರಗಳು ಸುಮಾರು 6.6 ಕೋಟಿ ವರ್ಷ ಹಿಂದಿನವು. ಅವು ನಮ್ಮ ರಾಜ್ಯದಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಗೆ ಮುಗಿಯುತ್ತವೆ. ನಿಮ್ಮ ಹೊಲಕ್ಕೆ ಲಾವಾ ಬರಲೇ ಇಲ್ಲ.

ಈಗ ಆ ಮೇಲಿನ ಕೊಳೆತ ಬಂಡೆಯನ್ನೇ ಕೈಯಲ್ಲಿ ಹಿಡಿದು ನೋಡಿ. ಮೂರು ವಸ್ತು ಕಾಣುತ್ತವೆ. ಗಾಜಿನಂತೆ ಗಟ್ಟಿಯಾದ ಬೆಣಚು. ಬಿಳಿಚಿಕೊಂಡು ಉಗುರಿಗೇ ಪುಡಿಯಾಗುವ ಫೆಲ್ಡ್‌ಸ್ಪಾರ್. ಹೊಳಪು ಕಳೆದುಕೊಂಡು ಕಂದಾಗಿರುವ ಕಾಗೆಬಂಗಾರ ಮತ್ತು ಇತರ ಕಪ್ಪು ಖನಿಜಗಳು. ಮಳೆನೀರು ಮಣ್ಣೊಳಗೆ ಇಳಿಯುವಾಗ ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಸೌಮ್ಯ ಆಮ್ಲವಾಗುತ್ತದೆ. ಅದು ಬೆಣಚಿಗೆ ಏನೂ ಮಾಡಲಾರದು, ಅದೇ ನಿಮ್ಮ ಮರಳು. ಫೆಲ್ಡ್‌ಸ್ಪಾರ್‌ನಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಕಿತ್ತು ನೀರಿಗೆ ಹಾಕುತ್ತದೆ, ಉಳಿದದ್ದು ಜೇಡಿಯಾಗಿ ಮರುಹುಟ್ಟು ಪಡೆಯುತ್ತದೆ. ಕಪ್ಪು ಖನಿಜದ ಕಬ್ಬಿಣ ತುಕ್ಕು ಹಿಡಿದು ಎಲ್ಲಕ್ಕೂ ಕೆಂಪು ಬಳಿಯುತ್ತದೆ.

ಇನ್ನು ಇಳಿಜಾರಿನ ಆಟ. ಮೇಲಿನ ಭಾಗದಲ್ಲಿ ನೀರು ನಿಲ್ಲುವುದಿಲ್ಲ, ಕರಗಿದ್ದೆಲ್ಲ ಕೆಳಗೆ ಹರಿದುಹೋಗುತ್ತದೆ. ಅಲ್ಲಿ ಉಳಿಯುವುದು ಮರಳು, ಕಬ್ಬಿಣ, ಕಯೋಲಿನೈಟ್ ಎಂಬ ಸೋಮಾರಿ ಜೇಡಿ. ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ತಗ್ಗಿಗೆ ಬಂದು ನಿಲ್ಲುತ್ತವೆ. ಮಲೆನಾಡಾಗಿದ್ದರೆ ಅಲ್ಲಿಂದಲೂ ಕೊಚ್ಚಿಹೋಗುತ್ತಿತ್ತು. ನಿಮ್ಮದು ಘಟ್ಟದ ಮಳೆನೆರಳಿನ ಊರು, ವರ್ಷಕ್ಕೆ 700–800 ಮಿ.ಮೀ. ಮಳೆ; ನೀರು ನಿಂತು ಆವಿಯಾಗುತ್ತದೆ, ಖನಿಜ ಉಳಿಯುತ್ತದೆ. ಆ ಖನಿಜಗಳೆಲ್ಲ ಸೇರಿ ಸ್ಮೆಕ್ಟೈಟ್ ಎಂಬ ಬೇರೆಯೇ ಜೇಡಿ ಕಟ್ಟಿಕೊಳ್ಳುತ್ತದೆ. ಅದೇ ನಿಮ್ಮ ಎರೆ. ಕೆರೆಯೂ ಬೇಕಿಲ್ಲ, ಲಾವಾವೂ ಬೇಕಿಲ್ಲ.

ಗುಂಡ್ಲುಪೇಟೆ ಹೊಸಬ

ಅಂದರೆ ಕೆಳಗಿನ ಹೊಲದ ಮಣ್ಣು ಮೇಲಿನ ಹೊಲದಿಂದ ಸೋರಿ ಬಂದದ್ದರಿಂದ ಆಗಿದೆ ಎನ್ನುತ್ತೀರಾ? ಮಣ್ಣೇ ಕೊಚ್ಚಿಬಂದದ್ದಲ್ಲ, ನೀರಲ್ಲಿ ಕರಗಿ ಬಂದದ್ದೇ?

ಬಂಡೆಗಲ್ಲು

ಎರಡೂ. ನುಣ್ಣನೆಯ ಜೇಡಿ ಕಣ ಕೊಚ್ಚಿಯೂ ಬರುತ್ತದೆ. ಆದರೆ ಕೊಚ್ಚಿಬಂದದ್ದಷ್ಟೇ ಆಗಿದ್ದರೆ ಕೆಳಗೂ ಕೆಂಪೇ ಇರಬೇಕಿತ್ತು.

ನವಲಗುಂದದ ಎರೆ

ಈ ಸ್ಮೆಕ್ಟೈಟ್ ಮಹಾಶಯನ ಕತೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಮನೆಯ ಗೋಡೆ ಸೀಳಿರುವುದು ಇವನಿಂದಲೇ.

ಮಣ್ಣು ಪರೀಕ್ಷಕ

ಜೇಡಿ ಕಣ ಎಂದರೆ 0.002 ಮಿ.ಮೀ.ಗಿಂತ ಚಿಕ್ಕದು. ಮರಳು 2 ಮಿ.ಮೀ.ನಿಂದ 0.05 ಮಿ.ಮೀ.ವರೆಗೆ, ನಡುವಿನದು ಗೋಡು. ಕಲ್ಲಿನ ಪುಡಿಗೂ ಜೇಡಿಗೂ ಇರುವ ವ್ಯತ್ಯಾಸ ಗಾತ್ರದ್ದು ಮಾತ್ರವಲ್ಲ. ಜೇಡಿ ಬೇರೆಯೇ ಖನಿಜ, ಚಿರೋಟಿಯ ಹಾಗೆ ಪದರ ಪದರ. ಸ್ಮೆಕ್ಟೈಟ್‌ನಲ್ಲಿ ಆ ಪದರಗಳ ನಡುವೆ ನೀರು ನುಗ್ಗುತ್ತದೆ, ಉಬ್ಬುತ್ತದೆ. ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕಯೋಲಿನೈಟ್‌ನಲ್ಲಿ ಪದರಗಳು ಬಿಗಿ, ನೀರಿಗೆ ಪ್ರವೇಶವಿಲ್ಲ.

ಒಂದು ಗ್ರಾಂ ಶುದ್ಧ ಸ್ಮೆಕ್ಟೈಟ್‌ನ ಒಳಹೊರ ಮೇಲ್ಮೈ ಎಲ್ಲ ಬಿಡಿಸಿ ಹಾಸಿದರೆ 700–800 ಚದರ ಮೀಟರ್ ಆಗುತ್ತದೆ, ಕಯೋಲಿನೈಟ್‌ನದು ಹತ್ತಿಪ್ಪತ್ತು. ಆ ಮೇಲ್ಮೈಯ ಋಣ ವಿದ್ಯುದಂಶವೇ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಅಮೋನಿಯಂಗಳನ್ನು ಹಿಡಿದಿಟ್ಟು ಬೇರಿಗೆ ಕೊಡುವುದು. ಎರೆಯಲ್ಲಿ ಒಮ್ಮೆ ಹದವಾಗಿ ನೆಂದರೆ ಹಿಂಗಾರಿ ಜೋಳ, ಕಡಲೆ ಇಬ್ಬನಿಯಲ್ಲೇ ಬೆಳೆದುಬಿಡುತ್ತವೆ ಎಂದು ರೈತರು ಹೇಳುವುದರ ಹಿಂದೆ ಇರುವುದು ಇದೇ. ಇಬ್ಬನಿಯ ಪಾಲು ಕಡಿಮೆ, ಜೇಡಿ ಹಿಡಿದಿಟ್ಟ ನೀರಿನ ಪಾಲು ಹೆಚ್ಚು.

ಚಹಾ ಬಿಡುವು

ಕ್ರಿಕೆಟ್ ಪಿಚ್‌ನಲ್ಲೂ ಇದೇ ಜಗಳ ತಾನೇ? ಕೆಂಪು ಮಣ್ಣಿನ ಪಿಚ್‌ನಲ್ಲಿ ಚೆಂಡು ಪುಟಿಯುತ್ತದೆ, ಕಪ್ಪು ಮಣ್ಣಿನಲ್ಲಿ ಕೆಳಗೇ ಉಳಿಯುತ್ತದೆ.

ಅಯೋವಾ ಕನ್ನಡಿಗ

ದಯವಿಟ್ಟು ಕ್ರಿಕೆಟ್ ಬೇಡ, ಈ ಎಳೆ ನಾಳೆಯವರೆಗೂ ಮುಗಿಯುವುದಿಲ್ಲ.

ಮಹಡಿತೋಟ

ಮಣ್ಣಿನ ವಿಷಯ ಬಂದದ್ದರಿಂದ ನನ್ನ ಗೋಳು ಕೇಳಿ. ಬೆಂಗಳೂರಿನಲ್ಲಿ ಮಹಡಿಯ ಕುಂಡಗಳಿಗೆಂದು ಕೆಂಪು ಮಣ್ಣು ತರಿಸಿದೆ. ಒಳ್ಳೆಯ ತೋಟದ ಮಣ್ಣು ಎಂದು ಸಣ್ಣ ಲಾರಿಯವರು ಹೇಳಿದರು. ನೋಡಲು ಕುಂಕುಮದಷ್ಟು ಚೆಂದ. ಟೊಮೆಟೊ ಸಸಿ ಹಳದಿಯಾಗಿ ಕುಳಿತುಬಿಟ್ಟಿತು, ನೀರು ಹಾಕಿದರೆ ಮೇಲೆ ಪೊರೆ ಕಟ್ಟುತ್ತದೆ, ಒಣಗಿದರೆ ಇಟ್ಟಿಗೆ. ಎರೆಹುಳು ತಂದು ಬಿಟ್ಟರೂ ಒಂದೂ ಉಳಿಯಲಿಲ್ಲ. ಇದು ಮಣ್ಣೇ ಅಲ್ಲವೇ?

ಬಂಡೆಗಲ್ಲು

ಅದು ಯಾವುದೋ ಕಟ್ಟಡದ ಪಾಯ ತೋಡಿದಾಗ ಆಳದಿಂದ ಬಂದದ್ದು. ಅರ್ಧ ಕೊಳೆತ ಬಂಡೆ, ಅಷ್ಟೇ. ಬೇರು ಕಂಡಿಲ್ಲ, ಹುಳ ಕಂಡಿಲ್ಲ, ಬಿಸಿಲು ಕಂಡಿಲ್ಲ. ನಮ್ಮ ನೈಸ್ ಶಿಲೆ ಹತ್ತಾರು ಅಡಿ ಆಳದವರೆಗೂ ಹೀಗೆ ಮೆತ್ತಗಾಗಿರುತ್ತದೆ, ಒಳಗೆ ಮೂಲ ಬಂಡೆಯ ಪಟ್ಟೆಗಳು ಹಾಗೇ ಕಾಣುತ್ತವೆ. ಬಣ್ಣ ಬಂದ ಮಾತ್ರಕ್ಕೆ ಅದು ಮಣ್ಣಾಗುವುದಿಲ್ಲ.

ಸಹಜ ಕೃಷಿಕ

ಇದನ್ನೇ ನಾನು ಹೇಳುವುದು! ಜೀವ ಇಲ್ಲದಿದ್ದರೆ ಅದು ಮಣ್ಣಲ್ಲ. ಬಂಡೆಯ ಪಾಠ ಸಾಕು. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಅವುಗಳೇ ಮಣ್ಣು ಮಾಡುವುದು, ಕಲ್ಲಲ್ಲ.

ಮಣ್ಣು ಪರೀಕ್ಷಕ

ಕಲ್ಲಿಲ್ಲದೆ ಅವು ರಂಜಕ, ಪೊಟ್ಯಾಸಿಯಂ ಎಲ್ಲಿಂದ ತರುತ್ತವೆ ಸ್ವಾಮಿ? ಗಾಳಿಯಿಂದ ಸಾರಜನಕ ಹಿಡಿಯಬಹುದು, ಪೊಟ್ಯಾಸಿಯಂ ಹಿಡಿಯಲು ಬರುವುದಿಲ್ಲ.

ಸಹಜ ಕೃಷಿಕ

ಹಾಗಾದರೆ ಎಂ-ಸ್ಯಾಂಡ್‌ನಲ್ಲಿ ರಾಗಿ ಬಿತ್ತಿ ತೋರಿಸಿ. ಅದೂ ಕಲ್ಲಿನ ಪುಡಿಯೇ, ಪೊಟ್ಯಾಸಿಯಂ ಬೇಕಾದಷ್ಟಿದೆ.

ಬಂಡೆಗಲ್ಲು

ಇಬ್ಬರೂ ಹೇಳುತ್ತಿರುವುದು ಒಂದೇ, ಬೇರೆ ಬೇರೆ ಬಾಗಿಲಿನಿಂದ. ಹಾನ್ಸ್ ಯೆನ್ನಿ ಎಂಬ ಮಣ್ಣು ವಿಜ್ಞಾನಿ 1941ರಲ್ಲಿ ಐದು ಕಾರಣಗಳನ್ನು ಒಟ್ಟಿಗೆ ಇಟ್ಟ: ಹವಾಮಾನ, ಜೀವಿಗಳು, ನೆಲದ ಏರುಪೇರು, ಮೂಲ ಶಿಲೆ, ಕಾಲ. ಅದಕ್ಕೂ ಮೊದಲೇ ರಷ್ಯಾದ ದೊಕುಚಾಯೆವ್ ಅಲ್ಲಿನ ಕಪ್ಪು ಮಣ್ಣನ್ನು ಊರೂರು ಸುತ್ತಿ ನೋಡಿ, 1883ರಲ್ಲಿ ಮಣ್ಣು ಬರೀ ಪುಡಿಯಾದ ಕಲ್ಲಲ್ಲ ಎಂದು ವಾದಿಸಿದ್ದ. ನಮ್ಮ ಶಾಲಾ ಪಠ್ಯ ಮಾತ್ರ ಇನ್ನೂ ಮೂಲ ಶಿಲೆಯೊಂದನ್ನೇ ಹಿಡಿದು ಕುಳಿತಿದೆ. ಲಾವಾ ಅಂದರೆ ಕಪ್ಪು, ಗ್ರಾನೈಟ್ ಅಂದರೆ ಕೆಂಪು, ಪರೀಕ್ಷೆಯಲ್ಲಿ ಒಂದು ಅಂಕ, ಮುಗಿಯಿತು. ಆ ಒಂದು ಅಂಕದ ಉತ್ತರವೇ ಮೂಲ ಪ್ರಶ್ನೆ ಕೇಳಿದವರ ತಲೆಕೆಡಿಸಿದ್ದು.

ಬೇಕಿದ್ದರೆ ಬೀದರಿಗೆ ಹೋಗಿ ನೋಡಿ. ಕೆಳಗೆಲ್ಲ ಅದೇ ದಖ್ಖನ್ ಲಾವಾ. ಎತ್ತರದ ಪ್ರಸ್ಥಭೂಮಿಯ ಮೇಲೆ ಅದೇ ಲಾವಾ ಕೊಳೆತು ಕೆಂಪು ಜಂಬಿಟ್ಟಿಗೆಯಾಗಿದೆ, ಕೋಟೆಯ ಕೆಂಪು ಕಲ್ಲು ಅದೇ. ತಗ್ಗಿನಲ್ಲಿ ಕಪ್ಪು ಎರೆ. ಗುಂಡ್ಲುಪೇಟೆಯಲ್ಲಿ ಒಂದು ಬಂಡೆಗೆ ಎರಡು ಮಣ್ಣು, ಬೀದರಿನಲ್ಲೂ ಒಂದು ಬಂಡೆಗೆ ಎರಡು ಮಣ್ಣು. ಎರಡೂ ಕಡೆ ಬಂಡೆ ಬೇರೆ, ನಡೆದದ್ದು ಹೆಚ್ಚುಕಡಿಮೆ ಒಂದೇ.

ಮುರಕಲ್ಲು

ಜಂಬಿಟ್ಟಿಗೆ ಎಂದ ಕೂಡಲೇ ಕರಾವಳಿಯವರು ಬಾಯಿ ಮುಚ್ಚಿಕೊಂಡಿರಲು ಸಾಧ್ಯವಿಲ್ಲ. ನಮ್ಮಲ್ಲಿ ಮಳೆ 3500–4000 ಮಿ.ಮೀ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಲಿ, ಸಿಲಿಕಾವೇ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದಿವೆ. ಪಾದೆಯಲ್ಲಿ ಕಡಿಯುವಾಗ ಕೊಡಲಿಗೆ ಸಿಗುವಷ್ಟು ಮೆದು, ಗಾಳಿಬಿಸಿಲಿಗೆ ಒಡ್ಡಿದರೆ ಕಬ್ಬಿಣದಂಶ ಒಣಗಿ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ ಹೋದ ಮೇಲೆ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಕೇರಳದ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಾಗಿ ಕಡಿಯುವುದನ್ನು ನೋಡಿದ್ದೇ ಕಾರಣ.

ನಮ್ಮ ಹಂಚಿನ ಜೇಡಿಯ ಕತೆ ಬೇರೆ. ಅದು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಕೂತ ಮೆಕ್ಕಲು. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದದ್ದು ಆ ಮಣ್ಣನ್ನು ನಂಬಿ.

ಸೊಪ್ಪಿನ ಬೆಟ್ಟ

ಮುರಕಲ್ಲು ಅವರೇ, ಅಷ್ಟು ತೊಳೆದುಹೋದ ಮಣ್ಣಿನ ಮೇಲೆ ನಮ್ಮ ಶಿರಸಿ ಕಡೆ ದಟ್ಟ ಕಾಡು ಹೇಗೆ ನಿಂತಿದೆ? ಇದನ್ನೂ ಸ್ವಲ್ಪ ಹೇಳಿ.

ಮುರಕಲ್ಲು

ಕಾಡಿನ ಬಂಡವಾಳ ಮಣ್ಣಿನಲ್ಲಿಲ್ಲ, ಮರದಲ್ಲಿ ಮತ್ತು ತರಗೆಲೆಯಲ್ಲಿದೆ. ಎಲೆ ಬಿದ್ದು ಕೊಳೆತು ಪೋಷಕಾಂಶ ಬಿಡುವಷ್ಟರಲ್ಲಿ ಮೇಲುಮೇಲಿನ ಬೇರು, ಶಿಲೀಂಧ್ರ ಸೇರಿ ಎತ್ತಿಕೊಂಡುಬಿಡುತ್ತವೆ. ಕೈಬದಲಾಗುತ್ತಲೇ ಇರುವ ಹಣ. ಮರ ಕಡಿದು ಒಯ್ದರೆ ಎರಡು ಮಳೆಗಾಲದಲ್ಲಿ ಬೋಳು ಪಾದೆ.

ಸೊಪ್ಪಿನ ಬೆಟ್ಟ

ಅದಕ್ಕೇ ನಾವು ಬೆಟ್ಟದಿಂದ ಸೊಪ್ಪು, ತರಗು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹಾಕುವುದು. ಕೆಲವು ವರ್ಷಕ್ಕೊಮ್ಮೆ ಗುಡ್ಡದಿಂದ ಹೊಸ ಮಣ್ಣೂ ಏರಿಸುತ್ತೇವೆ. ತೋಟ ನೂರಾರು ವರ್ಷದಿಂದ ಫಲ ಕೊಡುತ್ತಿದೆ.

ಮುರಕಲ್ಲು

ತೋಟ ಕೊಡುತ್ತಿದೆ, ಒಪ್ಪಿದೆ. ಬೆಟ್ಟದ ಲೆಕ್ಕ ಯಾರು ಇಡುತ್ತಿದ್ದಾರೆ? ಒಂದು ಎಕರೆ ತೋಟ ಚೆನ್ನಾಗಿರಲು ಹಲವು ಎಕರೆ ಬೆಟ್ಟ ತೆಳ್ಳಗಾಗುತ್ತಿದೆ.

ಸೊಪ್ಪಿನ ಬೆಟ್ಟ

ಬೆಟ್ಟ ಕಾಯ್ದುಕೊಂಡವರ ಬೆಟ್ಟ ಇಂದಿಗೂ ದಟ್ಟವಾಗಿದೆ. ಸರದಿಯಲ್ಲಿ ಸೊಪ್ಪು ಕಡಿಯುವವರು, ತರಗನ್ನು ನೆಲ ಕಾಣುವಂತೆ ಗುಡಿಸದವರು ಇದ್ದಾರೆ. ಕಲ್ಲುಕೋರೆಗೆ ಗುಡ್ಡಗಳನ್ನೇ ಬಿಟ್ಟುಕೊಟ್ಟ ಕರಾವಳಿಯವರು ನಮಗೆ ಲೆಕ್ಕ ಕೇಳುವುದು ಚೆನ್ನಾಗಿದೆ.

ಚಹಾ ಬಿಡುವು

ಗುಂಡ್ಲುಪೇಟೆಯ ಹೊಲ ಈಗ ಅರಬ್ಬೀ ಸಮುದ್ರ ತಲುಪಿತು.

ಗಂಗಾವತಿ ಭತ್ತ

ಒಂದು ಅಂಗುಲ ಮಣ್ಣಾಗಲು ಸಾವಿರ ವರ್ಷ ಬೇಕು ಎಂದು ಎಲ್ಲೆಡೆ ಓದುತ್ತೇವೆ. ಇದು ನಿಜವೇ, ಅಥವಾ ವಾಟ್ಸ್‌ಆ್ಯಪ್ ವಿಜ್ಞಾನವೇ?

ಬಂಡೆಗಲ್ಲು

ಒಂದೇ ಸಂಖ್ಯೆ ಇಲ್ಲ. ಬಿಸಿ, ತೇವ, ಮೆದು ಶಿಲೆ ಇದ್ದರೆ ಬೇಗ; ಒಣ ಹವೆ, ಗಟ್ಟಿ ಬೆಣಚು ಇದ್ದರೆ ಬಹಳ ನಿಧಾನ. ಒಂದು ಸೆಂಟಿಮೀಟರ್‌ಗೆ ನೂರರಿಂದ ಸಾವಿರ ವರ್ಷ ಎನ್ನುವುದು ಸಾಮಾನ್ಯವಾಗಿ ಹೇಳುವ ವ್ಯಾಪ್ತಿ. ಹಾಗೆಂದು ಬಂಡೆಗೆ 300 ಕೋಟಿ ವರ್ಷವಾದರೆ ಮಣ್ಣಿಗೂ ಅಷ್ಟೇ ಎಂದು ತಿಳಿಯಬೇಡಿ. ಮೇಲೆ ಸವೆಯುತ್ತಾ, ಕೆಳಗೆ ಹೊಸದಾಗುತ್ತಾ ಬಂದಿದೆ.

ಕಳೆದುಕೊಳ್ಳುವ ಲೆಕ್ಕ ನೋಡಿ. 1983ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್‌ಗೂ ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಣ್ಣು ಸುಮಾರು 13 ಟನ್ ತೂಗುತ್ತದೆ. ಅಂದರೆ ವರ್ಷಕ್ಕೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ನಷ್ಟ. ಹುಟ್ಟುವುದು ಅದರ ಹತ್ತನೇ ಒಂದು ಪಾಲು ಸಿಕ್ಕರೆ ಪುಣ್ಯ.

ಸಹಜ ಕೃಷಿಕ

ನಾನು ಕೆಲವೇ ವರ್ಷಗಳಲ್ಲಿ ಅರ್ಧ ಅಡಿ ಕಪ್ಪು ಮಣ್ಣು ಮಾಡಿದವರ ತೋಟ ಕಣ್ಣಾರೆ ಕಂಡಿದ್ದೇನೆ.

ಮಣ್ಣು ಪರೀಕ್ಷಕ

ಅವರು ಮಣ್ಣು ಮಾಡಿಲ್ಲ, ಇದ್ದ ಮಣ್ಣಿಗೆ ಜೀವ ತುಂಬಿದ್ದಾರೆ. ಅದು ದೊಡ್ಡ ಕೆಲಸವೇ, ಕೈಮುಗಿಯುತ್ತೇನೆ. ಆದರೆ ಗೊಬ್ಬರದ ಪದರ ಬೇರೆ, ಖನಿಜದ ಮೈ ಬೇರೆ. ಗೊಬ್ಬರ ನಿಲ್ಲಿಸಿ ಐದಾರು ಬೇಸಿಗೆ ಕಳೆಯಲಿ, ಆಗ ಆ ಅರ್ಧ ಅಡಿಯಲ್ಲಿ ಎಷ್ಟು ಉಳಿದಿದೆ ನೋಡೋಣ.

ಪಠ್ಯಪುಸ್ತಕದ 'ಶೇಕಡಾ 45 ಖನಿಜ, 5 ಸಾವಯವ, 25 ನೀರು, 25 ಗಾಳಿ' ಎಂಬ ವೃತ್ತಚಿತ್ರ ನಿಮಗೆಲ್ಲ ನೆನಪಿರಬೇಕು. ನಮ್ಮ ಒಣಭೂಮಿಯಲ್ಲಿ ಆ 5 ಎಂಬುದು ಕನಸು. ಆ ಚಿತ್ರದಲ್ಲಿ ಎಲ್ಲರೂ ಮರೆಯುವುದು ಗಾಳಿಯನ್ನು. ಮಣ್ಣಿನ ಅರ್ಧ ಗಾತ್ರ ಖಾಲಿ ಜಾಗ. ಟ್ರ್ಯಾಕ್ಟರ್ ಹತ್ತಿ ಅದನ್ನು ಒತ್ತಿಹಾಕಿದರೆ ಎಷ್ಟು ಗೊಬ್ಬರ ಸುರಿದರೂ ಬೇರು ಉಸಿರುಗಟ್ಟುತ್ತದೆ.

ಮಹಡಿತೋಟ

ಎರೆಹುಳು ಆ ಜಾಗ ಮಾಡಿಕೊಡುತ್ತದೆ ಅಲ್ಲವೇ? ಡಾರ್ವಿನ್ ಎರೆಹುಳು ಸಾಕಿದ್ದನಂತೆ.

ಅಯೋವಾ ಕನ್ನಡಿಗ

ಸಾಕಿ, ಪಿಯಾನೋ ಬಾರಿಸಿ ಅವಕ್ಕೆ ಕೇಳಿಸುತ್ತದೆಯೇ ಎಂದೂ ಪರೀಕ್ಷಿಸಿದ್ದ! ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್‌ಗೂ ಹೆಚ್ಚು ಒಣ ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು 1881ರಲ್ಲಿ ಬರೆದ.

ನವಲಗುಂದದ ಎರೆ

ನಮ್ಮ ಬಿಸಿಲಿನಲ್ಲಿ ಆ ಕೆಲಸದ ದೊಡ್ಡ ಪಾಲು ಗೆದ್ದಲಿನದು. ಆಳದಿಂದ ನುಣ್ಣನೆಯ ಮಣ್ಣು ಎತ್ತಿ ಹುತ್ತ ಕಟ್ಟುತ್ತದೆ. ಹುತ್ತದ ಮಣ್ಣಿನಲ್ಲಿ ಒಕ್ಕಣೆಯ ಕಣ ಹಾಕಿದರೆ ಬಿರುಕು ಬಿಡುವುದಿಲ್ಲ. ಎರೆಯೇ ತನ್ನನ್ನು ತಾನು ಉಳುಕೊಳ್ಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ: ಬೇಸಿಗೆಯ ಬಿರುಕಿಗೆ ಮೇಲಿನ ಮಣ್ಣು ಉದುರುತ್ತದೆ, ಮಳೆಗೆ ಉಬ್ಬಿದಾಗ ಕೆಳಗಿನದು ಮೇಲೆ ತಳ್ಳಲ್ಪಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಇದೇ ಮಣ್ಣು ಬೇಕು, ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಮಾಡಿದರೆ ಕೋಡು ನಿಲ್ಲುವುದಿಲ್ಲ.

ಗಂಗಾವತಿ ಭತ್ತ

ಬಳ್ಳಾರಿ ಕಡೆಯ ಮಾಳಿಗೆ ಮನೆ ನೋಡಿದ್ದೀರಾ? ಮೇಲೆ ಹಾಕುತ್ತಿದ್ದದ್ದು ಚೌಳು ಮಣ್ಣು. ಬೆಳೆಗೆ ಬಾರದ ಮಣ್ಣು ಮಾಳಿಗೆ ಸೋರದಂತೆ ಕಾಯುತ್ತದೆ. ಕಾರಣ ಯಾರಿಗಾದರೂ ಗೊತ್ತೇ?

ಮಣ್ಣು ಪರೀಕ್ಷಕ

ಸೋಡಿಯಂ. ಕ್ಯಾಲ್ಸಿಯಂ ಇದ್ದರೆ ಜೇಡಿ ಕಣಗಳು ಗುಂಪುಗೂಡಿ ಹರಳುಹರಳಾಗಿ ನಿಲ್ಲುತ್ತವೆ, ನಡುವೆ ನೀರು ಇಳಿಯುತ್ತದೆ. ಸೋಡಿಯಂ ಹೆಚ್ಚಾದರೆ ಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಹೊಲದಲ್ಲಿ ಅದು ಶಾಪ, ಮಾಳಿಗೆಗೆ ವರ. ಅಂಥ ಹೊಲಕ್ಕೆ ಜಿಪ್ಸಂ ಹಾಕಿ ಎನ್ನುವುದು ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಕೂರಿಸಲು.

ಗುಂಡ್ಲುಪೇಟೆ ಹೊಸಬ

ಎಲ್ಲರ ಮಾತು ಓದಿದೆ. ಊರಿಗೆ ಹೋಗಿ ಎರಡೂ ಕಡೆ ಗುಂಡಿ ತೋಡಿಸಿದೆ, ಜೆಸಿಬಿ ಅಲ್ಲ, ಗುದ್ದಲಿಯಲ್ಲೇ.

ಕೆಂಪಿನಲ್ಲಿ ಮೇಲೆ ಗೇಣುದ್ದ ಕೆಂಗಂದು, ಬೇರುಗಳು. ಅದರ ಕೆಳಗೆ ಇನ್ನೂ ಕೆಂಪು, ಅಂಟು ಹೆಚ್ಚು. ಆಮೇಲೆ ಬಂಡೆಗಲ್ಲು ಹೇಳಿದಂತೆಯೇ ಬಿಳಿ ಚುಕ್ಕೆಯ ಕೊಳೆತ ಕಲ್ಲು, ಪಟ್ಟೆಗಳು ಹಾಗೇ ಇವೆ, ಬೆರಳಿಗೆ ಉದುರುತ್ತದೆ.

ಕಪ್ಪಿನಲ್ಲಿ ಸೊಂಟದಷ್ಟು ಇಳಿದರೂ ಕಲ್ಲಿಲ್ಲ. ಗುಂಡಿಯ ಗೋಡೆಯಿಂದ ಹೆಂಟೆ ಕಿತ್ತರೆ ಓರೆಯಾಗಿ ಸೀಳಿ ಬರುತ್ತದೆ, ಸೀಳಿದ ಮುಖ ನುಣುಪಾಗಿ ಮಿರುಗುತ್ತದೆ, ಮೇಲೆ ಸಣ್ಣ ಗೀರುಗಳಿವೆ. ಕೆಳಗೆ ಹೋದಂತೆ ಕಡಲೆಕಾಳಿನಿಂದ ಗೋಲಿಯವರೆಗಿನ ಬಿಳಿ ಹರಳು. ಮನೆಯಲ್ಲಿದ್ದ ನಿಂಬೆಹಣ್ಣು ಹಿಂಡಿದೆ, ಚುಸ್ ಎಂದು ನೊರೆ ಬಂತು. ಕೆಂಪಿನ ಮೇಲೆ ಹಿಂಡಿದರೆ ಏನೂ ಇಲ್ಲ.

ಎರಡರ ಮಣ್ಣನ್ನೂ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಟ್ಟೆ. ಕೆಂಪಿನದರಲ್ಲಿ ಕ್ಷಣದಲ್ಲೇ ಅರ್ಧಕ್ಕೂ ಹೆಚ್ಚು ಮರಳು ಕೂತಿತು. ಕಪ್ಪಿನದರಲ್ಲಿ ತಳದಲ್ಲಿ ತೆಳು ಪದರ, ಮೇಲಿನ ನೀರು ಮರುದಿನವೂ ಕಲಕು.

ಬಂಡೆಗಲ್ಲು

ಭೇಷ್. ಆ ಮಿರುಗುವ ಮುಖಗಳು ಮಣ್ಣಿನ ಹೆಂಟೆಗಳು ಉಬ್ಬಿದಾಗ ಒಂದರ ಮೇಲೊಂದು ಜಾರಿ ಉಜ್ಜಿಕೊಂಡದ್ದರ ಗುರುತು. ಎರೆಯ ಸಹಿ. ಬಿಳಿ ಹರಳು ಸುಣ್ಣ. ಮೇಲಿನ ಬಂಡೆಯಿಂದ ಕರಗಿ ಬಂದ ಕ್ಯಾಲ್ಸಿಯಂ ಅಲ್ಲಿ ಗಟ್ಟಿಯಾಗಿ ಕೂತಿದೆ. ಇದಕ್ಕಿಂತ ನೇರವಾದ ಸಾಕ್ಷಿ ನಿಮಗೆ ಬೇಕಿಲ್ಲ.

ಗುಂಡ್ಲುಪೇಟೆ ಹೊಸಬ

ಹಾಗಾದರೆ ಬೆರೆಸುವ ಯೋಜನೆ?

ಮಣ್ಣು ಪರೀಕ್ಷಕ

ಜೆಸಿಬಿಯವರಿಗೆ ನಮಸ್ಕಾರ ಹೇಳಿ ಕಳುಹಿಸಿ. ಯಂತ್ರ ಮೊದಲು ಎತ್ತುವುದು ಮೇಲಿನ ಗೇಣುದ್ದವನ್ನು. ಕೆಂಪು ಭಾಗದಲ್ಲಿ ಇರುವ ಬಂಡವಾಳವೇ ಅಷ್ಟು. ಅದು ಹೋದರೆ ಮಹಡಿತೋಟದವರ ಕುಂಡದ ಗತಿ ನಿಮ್ಮ ಹೊಲಕ್ಕೆ. ಕೆಂಪಿಗೆ ಜೇಡಿ ಬೇಕೆಂದಿದ್ದರೆ ಬೇಸಿಗೆಯಲ್ಲಿ ಕೆರೆ ಹೂಳು ಹೊಡೆಸಿ, ತೆಳುವಾಗಿ ಹರಡಿ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದೇ, ಕೊಚ್ಚಿಹೋದದ್ದನ್ನು ಹಿಂದಕ್ಕೆ ತರುವುದು. ಇಳಿಜಾರಿಗೆ ಅಡ್ಡ ಉಳಿ, ಬದು ಗಟ್ಟಿ ಮಾಡಿ. ಮೇಲೆ ರಾಗಿ, ಹುರುಳಿ, ನೆಲಗಡಲೆ. ಕೆಳಗೆ ಜೋಳ, ಕಡಲೆ, ಹತ್ತಿ.

ಮಾದರಿ ಎರಡನ್ನೂ ಬೇರೆ ಬೇರೆ ತೆಗೆಯಿರಿ. ಹುಣಸೆ ಮರದ ಬುಡ, ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ ಬಿಟ್ಟು ಹಲವು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂ.ಮೀ. ತೋಡಿ, ಅಂಚಿನ ಮಣ್ಣು ಕೆರೆದು ಬೆರೆಸಿ, ಕಡೆಗೆ ಅರ್ಧ ಕಿಲೋ ಉಳಿಸಿಕೊಳ್ಳಿ. ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಬರುತ್ತವೆ. ನೀವು ಮೊದಲು ನೋಡಬೇಕಾದದ್ದು ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ.

ಸಹಜ ಕೃಷಿಕ

ಹೊದಿಕೆ ಹಾಕುವುದನ್ನು ಬಿಟ್ಟಿರಿ.

ಮಣ್ಣು ಪರೀಕ್ಷಕ

ಹೊದಿಕೆ ಹಾಕಿ. ಇದರಲ್ಲಿ ನಿಮ್ಮೊಂದಿಗೆ ನನಗೆ ಜಗಳವಿಲ್ಲ.

ಗುಂಡ್ಲುಪೇಟೆ ಹೊಸಬ

ಕೆಳಗಿನ ಭಾಗಕ್ಕೆ ಕೊಳವೆಬಾವಿಯಿಂದ ನೀರು ಹಾಯಿಸಿ ಕಬ್ಬು ಹಾಕಬೇಕೆಂದು ಮನೆಯಲ್ಲಿ ಒತ್ತಾಯವಿದೆ. ಹೇಗೆ?

ಗಂಗಾವತಿ ಭತ್ತ

ನಮ್ಮ ಕಡೆ ಬಂದು ನೋಡಿ ಆಮೇಲೆ ತೀರ್ಮಾನಿಸಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರೆ ಭೂಮಿಗೆ ನೀರು ನಿಲ್ಲಿಸಿ ಭತ್ತ ಬೆಳೆದು ಎಷ್ಟೋ ಹೊಲ ಚೌಳಾಗಿವೆ, ಬಿಳಿ ಉಪ್ಪು ಮೇಲೆ ಎದ್ದು ಕೂತಿದೆ. ನೀರು ಸಿಕ್ಕಿತೆಂಬ ಖುಷಿಯಲ್ಲಿ ಬಸಿಗಾಲುವೆ ತೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ನಿಮ್ಮ ತಗ್ಗಿನಲ್ಲಿ ಮೇಲಿನಿಂದ ಸೋರಿ ಬರುವ ಖನಿಜವೇ ಸಾಕಷ್ಟಿದೆ, ಅದರ ಮೇಲೆ ಕೊಳವೆಬಾವಿಯ ನೀರಿನ ಉಪ್ಪು ಬೇರೆ. ಮೊದಲು ನೀರಿನ ಪರೀಕ್ಷೆ ಮಾಡಿಸಿ, ಸೋಡಿಯಂ ಎಷ್ಟಿದೆ ಎಂದು ಕೇಳಿ, ವರದಿ ಇಲ್ಲೇ ಹಾಕಿ. ಕಬ್ಬಿನ ಮಾತು ಆಮೇಲೆ.